ನಲವತ್ತೆಂಟು ಬ್ರೆಡ್ಡುಗಳ ಪ್ರಕರಣ

ಹನ್ನೆರಡನೇ ತಾರೀಖು ಸೋಮವಾರ ಬೆಳಿಗ್ಗೆ 8.40ಕ್ಕೆ ದ್ವೀಪದ ಪೊಲೀಸ್ ಠಾಣೆಗೆ ದೂರುದಾರನೊಬ್ಬ ಬಂದ. ತಲೆಯ ಮೇಲೆ ಉದ್ದನೆಯ ಬಿಳಿ ಟೋಪಿ, ಕಂಕುಳಲ್ಲಿ ಬಟ್ಟೆಯ ಗಂಟು. ದೋಣಿ ಇಳಿದವನು ಟೋಪಿ ತೆಗೆಯುವುದನ್ನೂ ಮರೆತು ಬಿಸಿಲಲ್ಲಿ ಸೀದಾ ನಡೆದು ಬಂದಿದ್ದ. ದ್ವೀಪದ ಆ ತುದಿಯಲ್ಲಿರುವ ದೊಡ್ಡ ರೆಸಾರ್ಟಿನ ಶೆಫ್ ಅವನು.

ಠಾಣೆ ಎಂದರೆ ಎರಡು ಕೋಣೆ, ಒಂದು ಬೆಂಚು, ಮೂವರು ಸಿಬ್ಬಂದಿ. ಇನ್‌ಸ್ಪೆಕ್ಟರ್ ಇಲ್ಲಿಗೆ ವರ್ಗವಾಗಿ ಎಂಟು ತಿಂಗಳಾಗಿತ್ತು. ಹೆಡ್ ಕಾನ್‌ಸ್ಟೇಬಲ್ ಒಬ್ಬ ಹೆಂಗಸು. ಇಲ್ಲೇ ಹುಟ್ಟಿ ಬೆಳೆದವಳು, ಊರಿನ ಅರ್ಧಕ್ಕರ್ಧ ಜನಕ್ಕೆ ಅತ್ತಿಗೆಯೋ ನಾದಿನಿಯೋ ಆಗಬೇಕಾದವಳು. ಮೂರನೆಯವನು ಕಾನ್‌ಸ್ಟೇಬಲ್. ಚಹಾ ಬಂದದ್ದನ್ನೂ ನಿಮಿಷ ಸಮೇತ ದಿನಚರಿಯಲ್ಲಿ ಬರೆಯುತ್ತಿದ್ದ ಅವನಿಗೆ ಎಲ್ಲರೂ ಇಟ್ಟ ಹೆಸರು ‘ಗಡಿಯಾರ’. ಆ ವರ್ಷ ಅಲ್ಲಿಯವರೆಗೆ ದಾಖಲಾಗಿದ್ದ ಪ್ರಕರಣಗಳು ಮೂರೇ ಮೂರು. ಮೂರೂ ಸೈಕಲ್ಲಿಗೆ ಸಂಬಂಧಿಸಿದವು.

“ಏನು ಕಳವಾಗಿದೆ?” ಇನ್‌ಸ್ಪೆಕ್ಟರ್ ಕೇಳಿದ.

“ಮೈದಾ ಹಿಟ್ಟು ಸರ್. ದಿನಕ್ಕೆ ಆರು ಕೆಜಿ. ಶನಿವಾರ, ಭಾನುವಾರ, ಇವತ್ತು.”

“ಹಿಟ್ಟು ಎಲ್ಲಿಗೆ ಹೋಗಿರಬಹುದು? ಏನಾದ್ರೂ ಅನುಮಾನ?”

“ಅನುಮಾನ ಎಂಥದು ಸರ್, ಇಲ್ಲೇ ಇದೆ.” ಶೆಫ್ ಗಂಟು ಬಿಚ್ಚಿದ. ಒಳಗೆ ಹೊಂಬಣ್ಣದ ದುಂಡನೆಯ ಬ್ರೆಡ್ಡು. ಕೋಣೆಯೆಲ್ಲ ಘಮ್ಮೆಂದಿತು. ಗಡಿಯಾರ ಬರೆಯುವುದನ್ನು ನಿಲ್ಲಿಸಿದ.

“ಅರ್ಥ ಆಗ್ಲಿಲ್ಲ.”

“ನನಗೂ ಆಗ್ತಿಲ್ಲ ಸರ್. ನಾನು ಆರು ಗಂಟೆಗೆ ಅಡುಗೆಮನೆಗೆ ಬರ್ತೀನಿ. ಅಷ್ಟರಲ್ಲಿ ಯಾರೋ ಒಳಗೆ ನುಗ್ಗಿ, ಹಿಟ್ಟು ನಾದಿ, ಹನ್ನೆರಡು ಬ್ರೆಡ್ಡು ಸುಟ್ಟು, ಪಾತ್ರೆ ತೊಳೆದಿಟ್ಟು ಹೋಗಿರ್ತಾರೆ. ಮೊದಲನೇ ದಿನ ನನ್ನ ಸಹಾಯಕ ಮಾಡಿರಬೇಕು ಅಂದ್ಕೊಂಡು ಬಡಿಸಿಬಿಟ್ಟೆ. ಎರಡನೇ ದಿನ ಅತಿಥಿಗಳು ಎದ್ದು ಬಂದು ನನ್ನ ಕೈ ಕುಲುಕಿದ್ರು. ನಾಲ್ಕು ವರ್ಷದಲ್ಲಿ ಒಬ್ಬರೂ ಕೈ ಕುಲುಕಿರಲಿಲ್ಲ ಸರ್. ಇವತ್ತು ಒಬ್ಬ ಅಜ್ಜ ಕಣ್ಣಲ್ಲಿ ನೀರು ಹಾಕ್ಕೊಂಡು ‘ನಮ್ಮಮ್ಮನ ನೆನಪಾಯ್ತು’ ಅಂದ್ರು. ನಾನು ಯಾವ ಮುಖ ಇಟ್ಕೊಂಡು ಥ್ಯಾಂಕ್ಸ್ ಹೇಳ್ಲಿ?”

ಇನ್‌ಸ್ಪೆಕ್ಟರ್ ನಗು ತಡೆದುಕೊಂಡು ಮೀಸೆ ಸವರಿದ. “ಇದಕ್ಕೆ ಕೇಸು ಬೇಕೇನ್ರೀ?”

ಶೆಫ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. “ಅತಿಥಿಗಳು, ಕೆಲಸದವರು ಸೇರಿ ನೂರ ನಲವತ್ತು ಜನ ಉಣ್ಣೋ ಅಡುಗೆಮನೆ ಸರ್ ಅದು. ಇವತ್ತು ಬ್ರೆಡ್ಡು ಮಾಡಿದವರು ನಾಳೆ ಅದರಲ್ಲಿ ಏನಾದ್ರೂ ಬೆರೆಸಿದ್ರೆ? ಇನ್ನೊಂದು ವಿಷ್ಯ. ಅಡುಗೆಮನೆ ಕೀ ಇರೋದು ಪಾತ್ರೆ ತೊಳೆಯೋ ಅಕ್ಕನ ಹತ್ರ. ಮ್ಯಾನೇಜರ್ ಮೇಡಂ ಇವತ್ತು ಬೆಳಿಗ್ಗೆ ಅವರನ್ನ ಮನೆಗೆ ಕಳಿಸಿಬಿಟ್ರು. ‘ನೀನೇ ಯಾರಿಗೋ ಬಾಗಿಲು ತೆಗೀತೀಯ’ ಅಂತ. ಹದಿನಾರು ವರ್ಷದ ಸರ್ವಿಸು ಸರ್. ನಾಳಿದ್ದು ಮಾಲೀಕರು ಬರ್ತಾರೆ. ಅಷ್ಟರಲ್ಲಿ ಸಿಗದಿದ್ರೆ ಅಕ್ಕನ ಕೆಲಸ ಪೂರ್ತಿ ಹೋದ ಹಾಗೇ.”

ಇನ್‌ಸ್ಪೆಕ್ಟರ್ ಮೀಸೆಯಿಂದ ಕೈ ತೆಗೆದ. 9.05ಕ್ಕೆ ಎಫ್‌ಐಆರ್ ದಾಖಲಾಯಿತು: ಅತಿಕ್ರಮ ಪ್ರವೇಶ, ಹದಿನೆಂಟು ಕೆಜಿ ಮೈದಾ ಹಾಗೂ ಅದಕ್ಕೆ ತಕ್ಕ ಉಪ್ಪು, ಈಸ್ಟ್ ಕಳವು, ಆರೋಪಿ ಅಪರಿಚಿತ.

ರೆಸಾರ್ಟಿಗೆ ದೋಣಿಯಲ್ಲಿ ಇಪ್ಪತ್ತು ನಿಮಿಷದ ದಾರಿ. ತಿಳಿಹಸಿರು ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮೂವತ್ತು ಮರದ ಮನೆಗಳು. ಪ್ರತಿ ಮನೆಗೂ ನೀರಿಗಿಳಿಯುವ ಸ್ವಂತ ಮೆಟ್ಟಿಲು, ನೆಲದಲ್ಲಿ ಗಾಜಿನ ಕಿಟಕಿ, ಹಾಸಿಗೆಯಲ್ಲಿ ಮಲಗಿಯೇ ಮೀನು ನೋಡಬಹುದು. ಗಡಿಯಾರ ಗಾಜಿನ ಮೇಲೆ ಕಾಲಿಡಲು ಹೆದರಿ ಸುತ್ತು ಹಾಕಿಕೊಂಡು ನಡೆದ.

10.15ಕ್ಕೆ ಪಂಚನಾಮೆ ಆರಂಭ. ಒಬ್ಬ ದೋಣಿಯವನು, ಒಬ್ಬ ತೋಟದವನು ಪಂಚರು. ಅಡುಗೆಮನೆಗೆ ಎರಡು ಬಾಗಿಲು. ಊಟದ ಹಾಲ್ ಕಡೆಯದಕ್ಕೆ ಬೀಗ. ಬೀಗ ಸರಿಯಾಗಿಯೇ ಇತ್ತು. ಇನ್ನೊಂದು ಸಮುದ್ರದ ಕಡೆಗೆ, ಮೀನು ತರಕಾರಿ ಇಳಿಸುವ ಬಾಗಿಲು; ಒಳಗಿನಿಂದ ಅಗುಳಿ. ಹೆಡ್ ಕಾನ್‌ಸ್ಟೇಬಲ್ ಹೊರಗೆ ನಿಂತು ಬಾಗಿಲನ್ನು ತಳ್ಳಿದಳು. ಜಪ್ಪಯ್ಯ ಎನ್ನಲಿಲ್ಲ. ಬಳಿಕ ಹಿಡಿ ಹಿಡಿದು ಬಾಗಿಲನ್ನು ಅರ್ಧ ಇಂಚು ಮೇಲಕ್ಕೆತ್ತಿ ಅಲ್ಲಾಡಿಸಿದಳು. ಒಳಗೆ ಅಗುಳಿ ಟಣ್ಣೆಂದು ಕೆಳಗೆ ಬಿತ್ತು. ಬೆಳಿಗ್ಗೆ ಅಗುಳಿ ತೆಗೆದಿರುತ್ತಿದ್ದುದನ್ನು, ಮೀನಿನವರಿಗಾಗಿ ಯಾರೋ ತೆಗೆದಿರಬೇಕೆಂದು ಶೆಫ್ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

“ಸರ್, ಕೀ ಯಾಕೆ ಬೇಕು? ಈ ಉಪಾಯ ಗೊತ್ತಿದ್ರೆ ಸಾಕು.”

“ಪಂಚನಾಮೆಯಲ್ಲಿ ಬರ್ಕೊಳ್ಳಿ. ಅಕ್ಕನಿಗೆ ಇದೇ ಆಧಾರ.”

ಮ್ಯಾನೇಜರ್ ಒಪ್ಪಲಿಲ್ಲ. “ಆ ಉಪಾಯ ಅವಳೇ ಹೇಳಿಕೊಟ್ಟಿರಬಹುದಲ್ಲ?” ಎಂದಳು. ಆರೋಪಿ ಸಿಗುವವರೆಗೆ ತಾನು ಮಾತು ಬದಲಿಸುವವಳಲ್ಲ ಎನ್ನುವುದು ಅವಳು ಕೈಕಟ್ಟಿ ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಅಂದಿನ ಹನ್ನೆರಡು ಬ್ರೆಡ್ಡುಗಳಲ್ಲಿ ಉಳಿದಿದ್ದವು ಎರಡು. ಶೆಫ್ ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತೋರಿಸಿದ. “ಓವನ್ನಿಗೆ ಹಾಕೋ ಮುಂಚೆ ಮೇಲೆ ಬ್ಲೇಡಲ್ಲಿ ಗೀರ್ತೀವಿ ಸರ್, ಉಬ್ಬಿ ಬರೋದಕ್ಕೆ. ನಾನು ಗೀರಿದ್ರೆ ಗೀರು ಈ ಕಡೆ ವಾಲುತ್ತೆ. ಇದು ನೋಡಿ, ಆ ಕಡೆ ವಾಲಿದೆ. ಮಾಡಿದವರು ಎಡಚರು.”

“ಮತ್ತೇನು ಹೇಳುತ್ತೆ ಇದು?”

ಶೆಫ್ ಬ್ರೆಡ್ಡನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. “ನನಗಿಂತ ಚೆನ್ನಾಗಿ ಬರುತ್ತೆ ಅಂತ ಹೇಳುತ್ತೆ ಸರ್.”

ಮಧ್ಯಾಹ್ನ 1.30ಕ್ಕೆ ಪಾತ್ರೆ ತೊಳೆಯುವ ಅಕ್ಕನ ಮನೆಗೆ ಹೋಗಿ ಹೇಳಿಕೆ ಪಡೆದರು. ಆಕೆ ಅಂಗಳದಲ್ಲಿ ಕೂತು ಹರಿದ ಬಲೆ ಹೊಲಿಯುತ್ತಿದ್ದಳು. ತಲೆಯೆತ್ತಲಿಲ್ಲ.

“ಯಾರಿಗಾದ್ರೂ ಬಾಗಿಲು ತೆಗೆದಿದೀರಾ?”

“ಇಲ್ಲ.”

“ಕೀ ಯಾರಿಗಾದ್ರೂ ಕೊಟ್ಟಿದೀರಾ?”

“ಇಲ್ಲ.”

“ನೀವೇ ಬ್ರೆಡ್ಡು ಮಾಡಿದ್ರಾ?”

ಈಗ ತಲೆಯೆತ್ತಿದಳು. “ನಾನು ಚಹಾ ಇಟ್ರೆ ನಮ್ಮ ಮನೆಯವರು ಪಕ್ಕದ ಮನೆಗೆ ಹೋಗ್ತಾರೆ, ಕೇಳ್ನೋಡಿ.” ಬಳಿಕ ದನಿ ತಗ್ಗಿಸಿ ಹೇಳಿದಳು, “ಹದಿನಾರು ವರ್ಷ ಆ ಕೀನ ಸೊಂಟದಲ್ಲಿ ಕಟ್ಕೊಂಡು ಓಡಾಡಿದೀನಿ ಸರ್. ಇವತ್ತು ಬಿಚ್ಚಿ ಕೊಡುವಾಗ ಎಲ್ಲರೂ ನೋಡ್ತಿದ್ರು.”

ಅಲ್ಲಿಂದ ಮೂವರೂ ದೋಣಿಯಲ್ಲಿ ರೆಸಾರ್ಟಿಗೆ ಮರಳಿದರು.

ಸಂಜೆ ಇನ್‌ಸ್ಪೆಕ್ಟರ್ ಸ್ವಾಗತಕಾರಿಣಿಯ ಎದುರು ಕೂತು ಅತಿಥಿಗಳ ಪಟ್ಟಿ ತರಿಸಿಕೊಂಡ. ಕಳವು ಶುರುವಾದದ್ದು ಶನಿವಾರ ಬೆಳಗಿನ ಜಾವ. ಹಾಗಾದರೆ ಶುಕ್ರವಾರ ಬಂದಿಳಿದವರು ಯಾರು?

“ಮೂರು ಜೋಡಿ ಸರ್. ಎಲ್ಲರೂ ಒಂದೇ ವಿಮಾನದಲ್ಲಿ, ತುಂಬ ದೂರದಿಂದ. ಅವರ ಊರಿನ ಗಡಿಯಾರ ನಮ್ಮದಕ್ಕಿಂತ ಎಂಟು ಗಂಟೆ ಮುಂದೆ.”

“ಅಂದ್ರೆ ನಮಗೆ ಬೆಳಗಿನ ಜಾವ ಮೂರಾದಾಗ ಅವರಿಗೆ ಹಗಲು ಹನ್ನೊಂದು.”

“ಹೌದು ಸರ್. ದೂರದಿಂದ ಬಂದವರು ಮೊದಲ ನಾಲ್ಕು ದಿನ ಹಾಗೇ. ಮೂರಕ್ಕೆಲ್ಲ ಎದ್ದು ‘ತಿಂಡಿ ಎಷ್ಟೊತ್ತಿಗೆ’ ಅಂತ ಫೋನ್ ಮಾಡ್ತಾರೆ.”

ಮೂರು ಮನೆಗಳು: ಆರು, ಹನ್ನೊಂದು, ಇಪ್ಪತ್ತು. ಆರರಲ್ಲಿ ಹೊಸದಾಗಿ ಮದುವೆಯಾದವರು. ಬಂದ ದಿನದಿಂದ ಬಾಗಿಲು ತೆರೆದದ್ದೇ ಎರಡು ಸಲ. ಇಪ್ಪತ್ತರಲ್ಲಿ ಇಬ್ಬರು ಶಿಕ್ಷಕರು. ಹನ್ನೊಂದರಲ್ಲಿ ವಯಸ್ಸಾದ ಗಂಡ ಹೆಂಡತಿ. ಅರ್ಜಿಯಲ್ಲಿ ಉದ್ಯೋಗದ ಜಾಗದಲ್ಲಿ ಬರೆದಿದ್ದು ‘ವ್ಯಾಪಾರ’.

“ಮಂಗಳವಾರ ಬೆಳಗಿನ ಜಾವ ಬಾಗಿಲಿಗೆ ಕಾವಲು,” ಎಂದ ಇನ್‌ಸ್ಪೆಕ್ಟರ್. ಗಡಿಯಾರ ಎದೆ ಸೆಟೆಸಿ ಸೆಲ್ಯೂಟ್ ಹೊಡೆದ.

ಮಂಗಳವಾರ ಬೆಳಿಗ್ಗೆ 6.10ಕ್ಕೆ ಇನ್‌ಸ್ಪೆಕ್ಟರ್ ಹೆಡ್ ಕಾನ್‌ಸ್ಟೇಬಲ್ ಜೊತೆ ದೋಣಿ ಇಳಿದಾಗ ಗಡಿಯಾರ ದಡದಲ್ಲೇ ನಿಂತಿದ್ದ. ಮುಖ ಸೋರೆಕಾಯಿಯಷ್ಟು ಉದ್ದವಾಗಿತ್ತು. ದಿನಚರಿ ಮುಂದೆ ಹಿಡಿದ. ‘2.50: ಎಚ್ಚರವಾಗಿದ್ದೇನೆ. 5.40: ಎಚ್ಚರವಾಯಿತು.’ ನಡುವೆ ಏನೂ ಇರಲಿಲ್ಲ.

“ನಿದ್ದೆ ಹೋದ್ಯಾ?”

“ಸುಳ್ಳು ಬರೆಯೋಕೆ ಕೈ ಬರಲಿಲ್ಲ ಸರ್. ಗಾಳಿ ಬೀಸ್ತಿತ್ತು, ಅಲೆ ಸದ್ದು ಜೋಗುಳದ ಹಾಗೆ...”

“ಬ್ರೆಡ್ಡು?”

“ಹನ್ನೆರಡು ಸರ್. ಅಲ್ಲಲ್ಲ, ಅಡುಗೆಮನೆಯಲ್ಲಿ ಹನ್ನೊಂದು. ಒಂದು ನನ್ನ ಪಕ್ಕ ಇಟ್ಟು ಹೋಗಿದ್ರು.”

ಹೆಡ್ ಕಾನ್‌ಸ್ಟೇಬಲ್ ಬಾಯಿಗೆ ಕೈ ಅಡ್ಡ ಹಿಡಿದಳು.

“ಎಲ್ಲಿದೆ ಆ ಬ್ರೆಡ್ಡು?”

“ಅರ್ಧ ಇದೆ ಸರ್,” ಎಂದ ಗಡಿಯಾರ. “ಸಾಕ್ಷ್ಯ ಅಂತ ನೆನಪಾಗೋ ಹೊತ್ತಿಗೆ ಅರ್ಧ ಹೋಗಿತ್ತು. ಬಿಸಿ ಇತ್ತು ಸರ್.” ಮತ್ತೆ ಏನೋ ಜ್ಞಾಪಕ ಬಂದವನಂತೆ ಕಂಕುಳಿಂದ ಒಂದು ಟವಲ್ ತೆಗೆದ. “ಇದನ್ನೂ ಹೊದಿಸಿ ಹೋಗಿದ್ರು. ಸೊಳ್ಳೆ ಕಚ್ಚಬಾರದು ಅಂತ ಇರಬೇಕು.”

ಬಿಳಿ ಟವಲ್. ಅಂಚಿನಲ್ಲಿ ಕೆಂಪು ದಾರದಲ್ಲಿ ಅಗಸರ ಗುರುತು: 11.

ಇನ್‌ಸ್ಪೆಕ್ಟರ್ ಟವಲನ್ನು ನಿಧಾನವಾಗಿ ಮಡಚಿದ. “ನೀನು ಎದ್ದಿದ್ರೆ ಬರೀ ಕಳ್ಳ ಸಿಗ್ತಿದ್ದ. ಮಲಗಿದ್ದಕ್ಕೆ ವಿಳಾಸಾನೇ ಸಿಕ್ತು. ಆದ್ರೂ ಮೆಮೊ ಕೊಡ್ತೀನಿ.”

“ಕೊಡಿ ಸರ್. ಟೈಮ್ 6.18.”

ಟವಲ್ ಒಂದೇ ಸಾಲದು. ಕಡಲತೀರದ ಕುರ್ಚಿಯ ಮೇಲಿಂದ ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು. 7.30ಕ್ಕೆ ಇನ್‌ಸ್ಪೆಕ್ಟರ್ ಮಾಮೂಲಿ ಅಂಗಿ ತೊಟ್ಟು ಊಟದ ಹಾಲಿನ ಮೂಲೆಯಲ್ಲಿ ಕೂತ. ಮೂರು ಕಡೆ ಗೋಡೆಯಿಲ್ಲದ ಹಾಲ್. ನಡುವೆ ಉದ್ದನೆಯ ಮೇಜಿನ ಮೇಲೆ ಹನ್ನೊಂದು ಬ್ರೆಡ್ಡು ಹೆಚ್ಚಿಟ್ಟಿದ್ದರು. ಜನ ಎರಡನೇ ಸಲ, ಮೂರನೇ ಸಲ ಎದ್ದು ಬರುತ್ತಿದ್ದರು. ಆರನೇ ಮನೆಯ ಹೊಸ ಜೋಡಿಯೂ ಬಂದಿತ್ತು. ಒಂದೇ ತುಂಡಿನ ಎರಡು ತುದಿಯನ್ನು ಇಬ್ಬರೂ ಕಚ್ಚುತ್ತಿದ್ದರು.

ತಿನ್ನದೆ ಕೂತಿದ್ದವಳು ಒಬ್ಬಳೇ. ಬ್ರೆಡ್ಡಿನ ಮೇಜಿಗೆ ತೀರಾ ಹತ್ತಿರದ ಕುರ್ಚಿ. ಐವತ್ತು ದಾಟಿದ ಹೆಂಗಸು, ಗಿಡ್ಡ, ಗಟ್ಟಿಮುಟ್ಟಾದ ಮುಂಗೈ. ಮುಂದಿದ್ದ ಚಹಾದ ಮೇಲೆ ಕೆನೆ ಕಟ್ಟಿತ್ತು. ಆಕೆ ಸಮುದ್ರಕ್ಕೆ ಬೆನ್ನು ಹಾಕಿ, ತಿನ್ನುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಯಾರಾದರೂ ಕಣ್ಣುಮುಚ್ಚಿ ಅಗಿದರೆ ಆಕೆಯ ತುಟಿಯೂ ಸಣ್ಣಗೆ ಅಲುಗುತ್ತಿತ್ತು.

ಎದುರಿಗಿದ್ದ ಗಂಡ ಗೊಣಗುತ್ತಿದ್ದ. “ಏನೇ ಇದು, ದಿನಾ ಇಲ್ಲೇ ಠಿಕಾಣಿ. ಈಜೋಣ ಬಾ ಅಂದ್ರೆ ಇಲ್ಲ, ದೋಣಿ ಹತ್ತು ಅಂದ್ರೆ ಇಲ್ಲ.”

“ನೀವು ಹೋಗ್ರಿ. ನಾನು ಇನ್ನೊಂಚೂರು ಕೂತಿರ್ತೀನಿ.”

ಗಂಡ ಟವಲ್ ಹುಡುಕುತ್ತ ದಡಕ್ಕೆ ಹೊರಟ. ಇನ್‌ಸ್ಪೆಕ್ಟರ್ ಹಿಂದೆಯೇ ಹೋಗಿ ಪಕ್ಕದ ಕುರ್ಚಿಯಲ್ಲಿ ಕೂತ. ಕೇಳುವುದಕ್ಕೆ ಮೊದಲೇ ಆ ಮನುಷ್ಯ ಮಾತು ಶುರು ಮಾಡಿದ. ಎದುರಿಗೆ ಎರಡು ಕಿವಿ ಕಂಡರೆ ಸಾಕು ಎನ್ನುವ ಆಸಾಮಿ.

“ತುಂಬ ದೂರದಿಂದ ಬಂದ್ರಾ?”

“ಅಯ್ಯೋ ಕೇಳ್ಬೇಡಿ! ಮೂರು ವಿಮಾನ, ಇಪ್ಪತ್ತಾರು ಗಂಟೆ. ಹೊರಟದ್ದು ಗುರುವಾರ ಸಂಜೆ. ಇಪ್ಪತ್ತಾರು ಗಂಟೆ ಕೂತು ಕೂತು ಸೊಂಟ ಬಿದ್ದುಹೋಗಿದೆ, ಇಳಿದು ನೋಡಿದ್ರೆ ಇನ್ನೂ ಶುಕ್ರವಾರ ಮಧ್ಯಾಹ್ನನೂ ಆಗಿಲ್ಲ! ನಮ್ಮ ಎಂಟು ಗಂಟೆ ಯಾರು ವಾಪಸ್ ಕೊಟ್ರು ಅಂತ ಇವತ್ತಿಗೂ ತಿಳೀಲಿಲ್ಲ. ಕೊನೇ ವಿಮಾನ ಅಂತೂ ಆಟಿಕೆ ಸಾಮಾನು. ಬಾತುಕೋಳಿ ಥರ ನೀರಿನ ಮೇಲೆ ಕೂತ್ಕೊಂಡುಬಿಡ್ತು. ಇವಳು ನನ್ನ ಕೈ ಹಿಡ್ಕೊಂಡಿದ್ಲು ನೋಡಿ, ಮದುವೆ ಮಂಟಪದಲ್ಲೂ ಅಷ್ಟು ಬಿಗಿಯಾಗಿ ಹಿಡಿದಿರಲಿಲ್ಲ.” ಅವನು ಅಂಗೈ ನೋಡಿಕೊಂಡು ನಕ್ಕ. “ಮಗಳು ಅಳಿಯ ಕಳಿಸಿದ್ದು. ಮದುವೆಯಾಗಿ ಮೂವತ್ತು ವರ್ಷ ಅಂತ. ಒಟ್ಟಿಗೆ ಒಂದು ದಿನಾನೂ ರಜ ತಗೊಂಡವರಲ್ಲ ನಾವು.”

“ವ್ಯಾಪಾರ ಏನು?”

“ಬೇಕರಿ.”

ಇನ್‌ಸ್ಪೆಕ್ಟರ್ ಸಮುದ್ರ ನೋಡುತ್ತಲೇ ಕೇಳಿದ. “ಬೆಳಗಿನ ಜಾವ ಏಳೋ ಅಭ್ಯಾಸ ಇರಬೇಕಲ್ಲ?”

“ನನಗಾ? ನಾನು ಏಳಕ್ಕೆ ಅಂಗಡಿ ತೆಗೆಯೋನು. ಮೂರಕ್ಕೆ ಎದ್ದು ಹಿಂದಿನ ಭಟ್ಟಿಗೆ ಹೋಗೋದು ಇವಳು. ಆ ಹೊತ್ತಿಗೆ ಪಕ್ಕದಲ್ಲಿ ಇವಳು ಇರ್ತಾಳೋ ಇಲ್ವೋ ಅನ್ನೋದೇ ನನಗೆ ಗೊತ್ತಾಗಲ್ಲ. ಇಲ್ಲಿಗೆ ಬಂದ್ಮೇಲಾದ್ರೂ ಮಲಗಲಿ ಅಂತ ಮಗಳು ಆಣೆ ಹಾಕಿಸ್ಕೊಂಡಿದಾಳೆ, ಹತ್ತು ದಿನ ಹಿಟ್ಟು ಮುಟ್ಟಬಾರದು ಅಂತ. ವಿಮಾನದಲ್ಲಿ ಕೊಟ್ಟ ಬನ್ನನ್ನ ಬೆರಳಲ್ಲಿ ಒತ್ತಿ ನೋಡಿ...”

ಅಲ್ಲಿಗೆ ಅವನ ಮಾತು ನಿಂತಿತು. ಇನ್‌ಸ್ಪೆಕ್ಟರ್ ತನ್ನ ಗುರುತಿನ ಚೀಟಿಯನ್ನೂ ಮಡಚಿದ ಟವಲನ್ನೂ ಮರಳ ಮೇಲೆ ಇಟ್ಟಿದ್ದ.

“ಹನ್ನೊಂದನೇ ನಂಬರ್ ನಿಮ್ಮದೇ ತಾನೆ?”

ಗಂಡ ಟವಲ್ ನೋಡಿದ. ದೂರದ ಹಾಲ್ ನೋಡಿದ. ಮುಖದ ಬಣ್ಣ ಇಳಿಯಿತು. ಒಂದು ನಿಮಿಷ ಯಾವ ಮಾತೂ ಬರಲಿಲ್ಲ. ಅವನ ಮಟ್ಟಿಗೆ ಅದು ದೊಡ್ಡ ಮೌನ.

“ನಾನೇ ಸರ್,” ಎಂದ.

“ಏನು ನೀವೇ?”

“ಬ್ರೆಡ್ಡು. ಎಲ್ಲಾ ನಾನೇ ಮಾಡಿದ್ದು. ನಮ್ಮ ಮನೆಯವಳಿಗೆ ಏನೂ ಗೊತ್ತಿಲ್ಲ.”

“ಹೇಳಿಕೆಗೆ ಸಹಿ ಹಾಕ್ತೀರಾ?”

“ಕೊಡಿ.”

ಅವನು ಸಹಿ ಹಾಕಿದ. ಬಲಗೈಯಲ್ಲಿ.

11.20ಕ್ಕೆ ಎಲ್ಲರೂ ಅಡುಗೆಮನೆಯಲ್ಲಿ ಸೇರಿದರು. ಮೇಜಿನ ಮೇಲೆ ಶೆಫ್ ಹಿಟ್ಟು, ಉಪ್ಪು, ಈಸ್ಟ್, ನೀರು ಇಟ್ಟ. ಹೆಡ್ ಕಾನ್‌ಸ್ಟೇಬಲ್ ಹೋಗಿ ಹೆಂಡತಿಯನ್ನು ಕರೆತಂದು ಬಾಗಿಲ ಬಳಿ ನಿಲ್ಲಿಸಿದಳು; ಯಾಕೆ ಎಂದು ಹೇಳಿರಲಿಲ್ಲ.

“ಹೇಗೆ ಮಾಡಿದ್ರಿ, ತೋರ್ಸಿ,” ಎಂದ ಇನ್‌ಸ್ಪೆಕ್ಟರ್.

ಗಂಡ ತೋಳು ಮಡಚಿದ. ಮೂವತ್ತು ವರ್ಷ ಕೌಂಟರಿನಲ್ಲಿ ಬ್ರೆಡ್ಡು ಪೊಟ್ಟಣ ಕಟ್ಟಿದ ಕೈಗಳು ಅವು. ಹಿಟ್ಟು ಸುರಿದ, ಅರ್ಧ ಮೇಜಿಗೆ, ಅರ್ಧ ನೆಲಕ್ಕೆ. ಒಲೆಯ ಮೇಲಿನ ಕೊತಕೊತ ಕುದಿಯುವ ನೀರನ್ನು ಈಸ್ಟಿಗೆ ಹುಯ್ದ. ಶೆಫ್ ಕಣ್ಣು ಮುಚ್ಚಿಕೊಂಡ. ಗಂಡ ಒಂದು ಹಿಡಿ ಉಪ್ಪು ಹಾಕಿ, ಯೋಚಿಸಿ ಇನ್ನೊಂದು ಹಿಡಿ ಹಾಕಿದ. ಬಳಿಕ ಆ ಮುದ್ದೆಯ ಮೇಲೆ ಮೆಲ್ಲಗೆ ತಟ್ಟತೊಡಗಿದ.

“ರೀ!”

ಎಲ್ಲರೂ ತಿರುಗಿದರು.

“ಅದು ಹಿಟ್ಟು ಕಣ್ರಿ, ಬೆಕ್ಕಲ್ಲ. ಏನು ಸವರ್ತಾ ಇದೀರಿ?” ಹೆಂಡತಿ ಬಂದದ್ದೇ ಸೊಂಟದಿಂದ ಗಂಡನನ್ನು ಪಕ್ಕಕ್ಕೆ ಸರಿಸಿದಳು. “ಸರೀರಿ ಆ ಕಡೆ. ಕುದಿಯೋ ನೀರು ಹುಯ್ದು ಈಸ್ಟ್ ಸಾಯಿಸಿಬಿಟ್ರಲ್ಲ, ಪಾಪ.”

ಆ ಮುದ್ದೆಯನ್ನು ಎತ್ತಿ ಬದಿಗಿಟ್ಟು ಹೊಸ ಹಿಟ್ಟು ತೆಗೆದುಕೊಂಡಳು. ಬೆಚ್ಚಗಿನ ನೀರು ಬೆರೆಸಿ ಮುಷ್ಟಿಯ ಬುಡದಿಂದ ಒತ್ತಿ, ಮಡಚಿ, ತಿರುಗಿಸಿ ನಾದತೊಡಗಿದಳು. ಮೇಜು ತಾಳ ಹಾಕಿದಂತೆ ಸದ್ದು ಮಾಡಿತು. ಶೆಫ್ ತನಗೇ ಗೊತ್ತಿಲ್ಲದಂತೆ ಹತ್ತಿರ ಬಂದು ನಿಂತಿದ್ದ.

“ನೀರು ಅಷ್ಟು ಕಮ್ಮಿನಾ?”

“ಸಮುದ್ರದ ಗಾಳಿ ಅಲ್ವಾ, ಹಿಟ್ಟಲ್ಲೇ ತೇವ ಇದೆ. ನೀವು ಚಳಿ ಊರಲ್ಲಿ ಕಲಿತಿರಬೇಕು. ಆ ಅಳತೆ ಇಲ್ಲಿ ನಡೆಯಲ್ಲ. ಅದಕ್ಕೇ ನಿಮ್ಮದು ಒಳಗೆ ಅಂಟಂಟು.”

“ನಾಲ್ಕು ವರ್ಷ!” ಎಂದ ಶೆಫ್, ಯಾರಿಗೂ ಅಲ್ಲ.

ಆಕೆ ಉಂಡೆ ಕಟ್ಟಿ ಬ್ಲೇಡ್ ಎತ್ತಿಕೊಂಡಳು. ಎಡಗೈಯಲ್ಲಿ. ಗೀರು ಆ ಕಡೆಗೆ ವಾಲಿತು.

ಆಕೆ ತಲೆಯೆತ್ತಿ ಒಬ್ಬೊಬ್ಬರ ಮುಖ ನೋಡಿದಳು, ಕೊನೆಗೆ ಗಂಡನದ್ದು. ಅವನ ಗಲ್ಲಕ್ಕೆಲ್ಲ ಹಿಟ್ಟು ಮೆತ್ತಿತ್ತು.

“ಇವಳಿಗೇನೂ ಗೊತ್ತಿಲ್ಲ ಸರ್...”

“ಸುಮ್ನಿರ್ರಿ ನೀವು,” ಎಂದಳು ಹೆಂಡತಿ. ಬ್ಲೇಡ್ ಕೆಳಗಿಟ್ಟಳು. “ನಾನೇ ಸರ್. ನಾಲ್ಕು ದಿನಾನೂ ನಾನೇ. ನಮ್ಮ ಅಂಗಡಿ ಹಿಂದಿನ ಬಾಗಿಲೂ ಹೀಗೇ, ಎತ್ತಿದ್ರೆ ಅಗುಳಿ ಬೀಳುತ್ತೆ.”

“ಇದರಿಂದ ಪಾತ್ರೆ ತೊಳೆಯೋ ಅಕ್ಕನ್ನ ಕೆಲಸದಿಂದ ಮನೆಗೆ ಕಳಿಸಿದಾರೆ. ಗೊತ್ತಾ?”

ಗೊತ್ತಿರಲಿಲ್ಲ. ಆಕೆ ಸ್ಟೂಲಿನ ಮೇಲೆ ಕುಸಿದು ಕೂತಳು. ಮುಖ ಒಮ್ಮೆಗೇ ಬಾಡಿತು. “ನನ್ನಿಂದ ಒಬ್ಬರ ಅನ್ನ ಹೋಯ್ತಾ? ಮೊದಲು ಅದನ್ನ ಸರಿ ಮಾಡಿ ಸರ್. ಆಮೇಲೆ ನನ್ನನ್ನ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಿ.”

ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್ ಕಟ್ಟಿದ್ದ ಕೈ ಬಿಚ್ಚಿದಳು.

12.05ಕ್ಕೆ ಹೆಡ್ ಕಾನ್‌ಸ್ಟೇಬಲ್ ಕಾರಣ ತಿಳಿಸಿ ಆಕೆಯನ್ನು ಬಂಧಿಸಿದಳು. ದೋಣಿಯಲ್ಲಿ ಆರೋಪಿಯ ಪಕ್ಕದಲ್ಲಿ ಗಂಡ, ಎದುರಿಗೆ ಶೆಫ್. ದಾರಿಯುದ್ದಕ್ಕೂ ಶೆಫ್ ಓವನ್ನಿನ ಶಾಖದ ಬಗ್ಗೆ ಕೇಳುತ್ತ ಹೋದ. ಆರೋಪಿ ಉತ್ತರ ಹೇಳುತ್ತ ಹೋದಳು. ಗಡಿಯಾರ ಅದನ್ನೂ ಬರೆದುಕೊಂಡ.

ಪಾತ್ರೆ ತೊಳೆಯುವ ಅಕ್ಕನ ಅಂಗಳಕ್ಕೆ ಮ್ಯಾನೇಜರ್ ತಾನೇ ಹೋದಳು. ಏನು ಮಾತಾಯಿತೋ, 2.30ಕ್ಕೆ ಅಕ್ಕ ಸೊಂಟಕ್ಕೆ ಕೀ ಸಿಕ್ಕಿಸಿಕೊಂಡು ಠಾಣೆಯ ಬಾಗಿಲಲ್ಲಿ ಬಂದು ನಿಂತಳು. ಆರೋಪಿ ಎದ್ದು ಎರಡೂ ಕೈ ಹಿಡಿದುಕೊಂಡಳು. “ತಪ್ಪಾಯ್ತಕ್ಕಾ.”

ಅಕ್ಕ ಆಕೆಯನ್ನು ಅಡಿಯಿಂದ ಮುಡಿವರೆಗೆ ನೋಡಿದಳು. “ಪಾತ್ರೆ ತೊಳೆದಿಟ್ಟು ಹೋಗೋ ಕಳ್ಳರು ಎಲ್ಲಿ ಸಿಗ್ತಾರೆ! ಆದ್ರೆ ದೊಡ್ಡ ಬೋಗುಣಿನ ಇನ್ನೊಂದ್ಸಲ ಕಬ್ಬಿಣದ ನಾರಲ್ಲಿ ಉಜ್ಜಿದ್ರೆ ನಾನೇ ಕಂಪ್ಲೇಂಟ್ ಕೊಡ್ತೀನಿ.”

ಆರೋಪಿಯ ಕಣ್ಣು ಒದ್ದೆಯಿದ್ದರೂ ನಗು ಬಂತು.

2.45ಕ್ಕೆ ಇನ್‌ಸ್ಪೆಕ್ಟರ್ ಹೇಳಿಕೆ ಬರೆದುಕೊಳ್ಳಲು ಕೂತ.

“ಯಾಕೆ ಮಾಡಿದ್ರಿ? ಹತ್ತು ದಿನ ಹಾಯಾಗಿ ಇರೋಕೆ ಬಂದವರು.”

ಆಕೆ ಅಂಗೈಯಲ್ಲಿ ಒಣಗಿದ ಹಿಟ್ಟನ್ನು ಉಜ್ಜುತ್ತ ಕೂತಿದ್ದಳು. “ಹಿಟ್ಟು ಬಿಟ್ಟಿರೋಕೆ ಆಗಲಿಲ್ಲ ಅಂತ ನೀವು ಬರ್ಕೋತೀರೇನೋ. ಅದಲ್ಲ ಸರ್.”

“ಮತ್ತೆ?”

“ಮೂವತ್ತು ವರ್ಷ ಬ್ರೆಡ್ಡು ಮಾಡಿದೀನಿ. ಭಟ್ಟಿ ಇರೋದು ಹಿಂದುಗಡೆ. ಕಿಟಕಿ ಇಲ್ಲ. ನಾನು ಸುಟ್ಟು ತಟ್ಟೆಗೆ ಹಾಕ್ತೀನಿ, ಇವರು ಮುಂದೆ ತಗೊಂಡು ಹೋಗಿ ಪೊಟ್ಟಣ ಕಟ್ಟಿ ಕೊಡ್ತಾರೆ, ಜನ ಮನೆಗೆ ಒಯ್ತಾರೆ. ಒಬ್ಬರು ತಿನ್ನೋದನ್ನೂ ನಾನು ನೋಡಿಲ್ಲ ಸರ್. ಮೊದಲನೇ ದಿನ ಇಲ್ಲಿ ಹಾಲಲ್ಲಿ ಕೂತಾಗ ಅಷ್ಟೂ ಜನ ನನ್ನ ಎದುರಿಗೇ ಬ್ರೆಡ್ಡು ತಿಂತಿದ್ರು. ಅರ್ಧ ತಿಂದು ತಟ್ಟೆಯಲ್ಲಿ ಬಿಡ್ತಿದ್ರು. ನನ್ನದಾಗಿದ್ರೆ ಹೇಗೆ ತಿಂತಿದ್ರು ಅಂತ ಅನ್ನಿಸಿಬಿಡ್ತು. ಒಂದು ಸಲ ನೋಡಿ ಸುಮ್ಮನಾಗೋಣ ಅಂದ್ಕೊಂಡೆ. ನೋಡಿದ್ಮೇಲೆ ಸುಮ್ಮನಾಗೋಕೆ ಆಗಲಿಲ್ಲ.”

ಹೆಡ್ ಕಾನ್‌ಸ್ಟೇಬಲ್ ಕಿಟಕಿಯ ಕಡೆ ತಿರುಗಿ ನಿಂತಳು. ಇನ್‌ಸ್ಪೆಕ್ಟರ್ ಆಕೆ ಹೇಳಿದ್ದನ್ನು ಹೇಳಿದಂತೆಯೇ ಬರೆದ, ಒಂದು ಅಕ್ಷರ ತಿದ್ದಲಿಲ್ಲ. ಠಾಣೆಯಲ್ಲೇ ಜಾಮೀನು ಕೊಡಬಹುದಾದ ಪ್ರಕರಣ. ಜಾಮೀನುದಾರ ಯಾರು ಎಂದು ಕೇಳುವ ಮೊದಲೇ ಶೆಫ್ ಪೆನ್ನು ಹಿಡಿದು ನಿಂತಿದ್ದ. ಮಾಲೀಕರು ಬಂದಾಗ ರಾಜಿ ಅರ್ಜಿಗೆ ಸಹಿ ಹಾಕಿಸುವುದು ತನ್ನ ಜವಾಬ್ದಾರಿ ಎಂದ. ಉಳಿದ ಐದು ದಿನ ಬೆಳಿಗ್ಗೆ ಆಕೆ ಬಾಗಿಲು ಎತ್ತದೆ, ಬಡಿದು ಒಳಗೆ ಬರಬಹುದು ಎಂದೂ ಹೇಳಿದ.

ಕಾಗದ ಸಿದ್ಧವಾಗುವವರೆಗೆ ಗಂಡ ಹೆಂಡತಿ ಹೊರಗಿನ ಬೆಂಚಿನ ಮೇಲೆ ಕೂತರು. ಗಂಡ ಬಹಳ ಹೊತ್ತು ಮಾತಾಡಲಿಲ್ಲ. ಬೆಳಗಿನಿಂದ ಅದು ಎರಡನೇ ಸಲ.

“ನಾನು ದಿನಾ ನೋಡ್ತಿದ್ದೆ,” ಎಂದ ಕೊನೆಗೆ.

“ಏನನ್ನ?”

“ಅವರು ತಿನ್ನೋದನ್ನ. ಎಲ್ಲರೂ ಮನೆಗೆ ಒಯ್ಯಲ್ಲ ಕಣೇ. ಅರ್ಧ ಜನ ಅಂಗಡಿ ಮುಂದೇನೇ ಪೊಟ್ಟಣ ಹರೀತಾರೆ. ನಿನಗೆ ಹೇಳಬೇಕು ಅಂತ ನನಗೆ ಹೊಳೀಲೇ ಇಲ್ಲ. ಮಾತಾಡೋದರಲ್ಲಿ ನನ್ನನ್ನ ಮೀರಿಸೋರಿಲ್ಲ, ಅದೊಂದನ್ನ ಮಾತ್ರ ಹೇಳಲಿಲ್ಲ.”

ಆಕೆ ಅವನ ಕಡೆ ತಿರುಗಿ ಕೂತಳು. “ಯಾರು ಹರೀತಾರೆ?”

“ಅಂಚೆಯವನು. ಸೈಕಲ್ ಮೇಲಿಂದ ಇಳಿಯೋದೂ ಇಲ್ಲ, ಒಂದು ಕಾಲು ನೆಲಕ್ಕೆ ಊರಿ ಮೇಲಿನ ಸಿಪ್ಪೆ ಸುಲಿದು ಮೊದಲು ಅದನ್ನ ತಿಂತಾನೆ. ಕಣ್ಣು ಮುಚ್ಕೊಂಡು.”

“ಸುಳ್ಳು.”

“ನಿನ್ನಾಣೆ. ಇನ್ನು ಆ ಅಕ್ಕ ತಂಗಿ ಇದಾರಲ್ಲ, ಔಷಧಿ ಅಂಗಡಿ ಮನೆಯವರು? ಬರುವಾಗ ಜಗಳ ಆಡ್ತಾ ಬರ್ತಾರೆ. ಒಂದು ಬ್ರೆಡ್ಡು ಮುರಿದು ಹಂಚ್ಕೊಂಡ್ರೆ ಬೀದಿ ಕೊನೆಯವರೆಗೂ ಮಾತಿಲ್ಲ.”

ಒಳಗೆ ಗಡಿಯಾರ ಬಿಡುಗಡೆಯ ಕಾಗದ ಟೈಪು ಮಾಡಿ ಮುಗಿಸಿ, 4.10 ಎಂದು ಬರೆದು ಎದ್ದ. ಇನ್‌ಸ್ಪೆಕ್ಟರ್ ಕೈಸನ್ನೆ ಮಾಡಿ ಅವನನ್ನು ಕೂರಿಸಿದ. ಹೊರಗೆ ಗಂಡ ಬಸ್ ಡ್ರೈವರ್ ಬಗ್ಗೆ ಹೇಳುತ್ತಿದ್ದ. ಅವನು ಬಸ್ ತುಂಬ ಜನರನ್ನು ಕೂರಿಸಿಕೊಂಡೇ ಅಂಗಡಿಯ ಮುಂದೆ ಹೇಗೆ ಬ್ರೇಕ್ ಹಾಕುತ್ತಾನೆ, ಬಿಸಿ ತುಂಡನ್ನು ಬಾಯಲ್ಲಿ ಹೇಗೆ ಹೊರಳಿಸುತ್ತಾನೆ ಎಂದು ಗಲ್ಲ ಉಬ್ಬಿಸಿ ಅಭಿನಯಿಸಿ ತೋರಿಸುತ್ತಿದ್ದ.

ಹೆಂಡತಿ ಕಾಲು ಮೇಲೆತ್ತಿ ಬೆಂಚಿನ ಮೇಲೆ ಸರಿಯಾಗಿ ಕೂತಳು.

“ಆಮೇಲೆ?” ಎಂದಳು. “ಆಮೇಲೆ ಯಾರು ಬರ್ತಾರೆ?”